ಹುಟ್ಟು ಹಾಕೋದು ಒಂದು ಕೆಲಸ, ದೋಣಿ ಹೊರೋದು ಇನ್ನೊಂದು: ಅಡ್ವೆಂಚರ್ ರೇಸ್‌ನ ನೀರಿನ ಲೆಗ್ ಬಗ್ಗೆ

ಮರವಂತೆಗೆ ಹೋದವರೆಲ್ಲ ಒಂದೇ ಫೋಟೋ ತೆಗೀತಾರೆ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ಮಧ್ಯದಲ್ಲಿ ಹೈವೇ. ಆ ರೋಡಲ್ಲಿ ಚಿಕ್ಕಂದಿನಿಂದ ಎಷ್ಟು ಸಲ ಬಸ್ಸಲ್ಲಿ ಹೋಗಿದ್ದೇನೆ ಅಂತ ಲೆಕ್ಕ ಇಲ್ಲ, ಆದ್ರೆ ಕಯಾಕಿಂಗ್ ಶುರು ಮಾಡಿದ ಮೇಲೆ ಆ ಜಾಗ ನಂಗೆ ಬೇರೆ ತರ ಕಾಣ್ಲಿಕ್ಕೆ ಶುರುವಾಯ್ತು. ಯಾಕಂದ್ರೆ ಆ ಹೊಳೆ ಸಮುದ್ರವನ್ನ ಇನ್ನೇನು ಮುಟ್ಟೇಬಿಟ್ಟಿತು ಅನ್ನುವಷ್ಟು ಹತ್ರ ಬಂದು, ಸೇರದೆ ತಿರುಗಿ ಹೋಗ್ತದೆ, ಸುಮಾರು 10 ಕಿಲೋಮೀಟರ್ ಸುತ್ತಿ ಗಂಗೊಳ್ಳಿ ಹತ್ರ, ಪಂಚಗಂಗಾವಳಿ ಅಂತ ಐದು ಹೊಳೆ ಒಟ್ಟಾಗುವಲ್ಲಿ ಸಮುದ್ರ ಸೇರುದು. ಈಗ ನೀವು ಆ ಹೊಳೆಯಲ್ಲಿ ದೋಣಿಯಲ್ಲಿದ್ದೀರಿ, ನಿಮ್ಗೆ ಹೋಗ್ಬೇಕಾದ್ದು ರೋಡಿನ ಆಚೆ ಬದಿ ಸಮುದ್ರಕ್ಕೆ ಅಂತ ಇಟ್ಕೊಳ್ಳಿ. 10 ಕಿಲೋಮೀಟರ್ ಹುಟ್ಟು ಹಾಕ್ತೀರಾ, ಅಥವಾ ದೋಣಿಯನ್ನ ಎತ್ತಿ ಹೆಗಲ ಮೇಲೆ ಇಟ್ಕೊಂಡು ರೋಡು ದಾಟ್ತೀರಾ?

ಈ ಎರಡನೇದಕ್ಕೇ ಪೋರ್ಟೇಜ್ ಅನ್ನುದು. ಫ್ರೆಂಚ್ ಶಬ್ದ, ಹೊರುವುದು ಅಂತ ಅಷ್ಟೇ ಅರ್ಥ. ನಂಗೆ ಅನಿಸಿದ್ದು ಎಂತ ಅಂದ್ರೆ ಅಡ್ವೆಂಚರ್ ರೇಸ್‌ನ ನೀರಿನ ಲೆಗ್, ಅಂದ್ರೆ ದೋಣಿಯಲ್ಲಿ ಹೋಗುವ ಹಂತದ ಬಗ್ಗೆ ಮಾತಾಡುವಾಗ ಎಲ್ರೂ ಅಲೆ, ಸುಳಿ, ಸ್ಪೀಡು ಅಂತ ನೀರಿನ ಬಗ್ಗೆನೇ ಹೇಳ್ತಾರೆ, ಆದ್ರೆ ಟೈಮ್ ಹೋಗುದು ಮತ್ತು ಟೀಮು ಒಡೆಯುದು ಹೆಚ್ಚಾಗಿ ದಡದಲ್ಲಿ, ದೋಣಿ ನೀರಿನಿಂದ ಮೇಲೆ ಬಂದ ಹೊತ್ತಲ್ಲಿ. ಇದನ್ನೇ ಸ್ವಲ್ಪ ಬಿಡಿಸಿ ಹೇಳ್ತೇನೆ.

ಗೊತ್ತಿಲ್ಲದವರಿಗೆ ಮೊದಲು ರೇಸ್ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ನಾಲ್ಕು ಜನರ ಟೀಮು, ಅದ್ರಲ್ಲಿ ಗಂಡಸರು ಹೆಂಗಸರು ಇಬ್ರೂ ಇರ್ಬೇಕು, ಓಟ, ಸೈಕಲ್, ದೋಣಿ, ಹಗ್ಗ ಎಲ್ಲ ಇರ್ತದೆ, ಜಿಪಿಎಸ್ ಇಲ್ಲ, ಮ್ಯಾಪು ಮತ್ತು ಕಂಪಾಸ್ ಹಿಡ್ಕೊಂಡು ಒಂದು ಚೆಕ್‌ಪಾಯಿಂಟಿಂದ ಇನ್ನೊಂದಕ್ಕೆ ದಾರಿ ನೀವೇ ಹುಡುಕ್ಬೇಕು, ದೊಡ್ಡ ರೇಸ್ ಆದ್ರೆ ನಾಲ್ಕೈದು ದಿನದಿಂದ ಹತ್ತು ಹನ್ನೊಂದು ದಿನ, ರಾತ್ರಿ ಹಗಲು ಗಡಿಯಾರ ನಿಲ್ಲುದಿಲ್ಲ, ನಿದ್ದೆ ಮಾಡಿದ್ರೆ ಅದೂ ರೇಸ್ ಟೈಮಲ್ಲೇ. ಈ ರೂಪದ ದೊಡ್ಡ ರೇಸ್ ಅಂತ ಮೊದಲು ಹೆಸರು ಮಾಡಿದ್ದು ಜೆರಾರ್ ಫ್ಯೂಸಿಲ್ ಅನ್ನುವ ಫ್ರೆಂಚ್ ಪತ್ರಕರ್ತ 1989ರಲ್ಲಿ ನ್ಯೂಜಿಲೆಂಡಲ್ಲಿ ನಡೆಸಿದ ರೇಡ್ ಗೊಲ್ವಾಝ್. ಆಮೇಲೆ 1995ರಲ್ಲಿ ಅಮೆರಿಕದ ಯೂಟಾದಲ್ಲಿ ಇಕೋ ಚಾಲೆಂಜ್ ಬಂತು, ಟೀವಿಯಿಂದ ಅದು ಮನೆಮನೆಗೆ ಹೋಯ್ತು.

ಈಗ ಲೆಕ್ಕಕ್ಕೆ ಬರುವ. ನಿಂತ ನೀರಲ್ಲಿ ಇಬ್ಬರು ಕೂತು ಹುಟ್ಟು ಹಾಕುವ ಕಯಾಕ್, ಸುಸ್ತಾದ ಟೀಮು, ಗಂಟೆಗೆ 6 ಕಿಲೋಮೀಟರ್ ಹೋಗ್ತದೆ ಅಂತ ಇಟ್ಕೊಳ್ಳಿ. ಹಾಗಾದ್ರೆ ಮರವಂತೆಯ 10 ಕಿಲೋಮೀಟರ್ ಸುತ್ತಿಗೆ 1 ಗಂಟೆ 40 ನಿಮಿಷ. ದೋಣಿ ಹೊತ್ತು ದಾಟಿದ್ರೆ ಇಳಿಯುದು, ಎತ್ತುದು, ರೋಡು ದಾಟುದು, ಮತ್ತೆ ನೀರಿಗೆ ಬಿಡುದು ಎಲ್ಲ ಸೇರಿ ಕಾಲು ಗಂಟೆ. ಮ್ಯಾಪಲ್ಲಿ ನೋಡಿದ್ರೆ ಪ್ರಶ್ನೆಯೇ ಇಲ್ಲ, ಹೊರುದೇ ಲಾಭ. ಆದ್ರೆ ಮ್ಯಾಪಲ್ಲಿ ಕಾಣದ್ದು ಬೇರೆ ಉಂಟು. ಸಮುದ್ರದ ಬದಿಯಲ್ಲಿ ಕಡಲ್ಕೊರೆತ ತಡೀಲಿಕ್ಕೆ ಹಾಕಿದ ದೊಡ್ಡ ದೊಡ್ಡ ಕಲ್ಲು, ಅದರ ಮೇಲೆ 30 ಕೆಜಿಗಿಂತ ಹೆಚ್ಚು ತೂಕದ ಪ್ಲಾಸ್ಟಿಕ್ ಕಯಾಕ್ ಹಿಡ್ಕೊಂಡು ಒದ್ದೆ ಕಾಲಲ್ಲಿ ಇಳಿಯುದು ಅಂದ್ರೆ ಮೊಣಕಾಲು ಮುರ್ಕೊಳ್ಳುವ ಕೆಲಸ. ಅದು ದಾಟಿದ್ರೂ ದಡಕ್ಕೆ ಹೊಡೆಯುವ ಅಲೆಯಲ್ಲಿ ದೋಣಿ ಬಿಡ್ಲಿಕ್ಕೆ ಆಗ್ತದಾ? ಅಲೆ ಜೋರಿದ್ರೆ ಇಲ್ಲ. ಹೈವೇಯಲ್ಲಿ ಓಡುವ ಲಾರಿ ಬಸ್ಸು ಬೇರೆ. ಅಂದ್ರೆ ಪೋರ್ಟೇಜ್ ಲೆಕ್ಕದಲ್ಲಿ ದೂರ ಒಂದು ಭಾಗ ಮಾತ್ರ, ಎಲ್ಲಿ ಇಳಿಯುದು ಎಲ್ಲಿ ಹತ್ತುದು ಅನ್ನುದು ದೊಡ್ಡ ಭಾಗ. ಅನುಭವ ಇರುವ ಟೀಮು ಮ್ಯಾಪ್ ಸಿಕ್ಕಿದ ಕೂಡ್ಲೇ ಮೊದಲು ನೋಡುದು ಈ ಎರಡು ಜಾಗವನ್ನ.

ಇನ್ನೊಂದು ಲೆಕ್ಕ ನಾವು ನಾಲ್ಕು ಜನ ಫ್ರೆಂಡ್ಸ್ ಕೋಡಿ ಬೆಂಗ್ರೆಯಲ್ಲಿ ಮೈಯಲ್ಲೇ ಕಲ್ತದ್ದು. ಕೋಡಿ ಬೆಂಗ್ರೆ ಗೊತ್ತಲ್ಲ, ಸೀತಾ ಸ್ವರ್ಣಾ ಎರಡೂ ಹೊಳೆ ಸಮುದ್ರಕ್ಕೆ ಸೇರುವ ಕಡೆ ಉದ್ದಕ್ಕೆ ನಾಲಗೆ ತರ ಚಾಚಿದ ನೆಲ, ಒಂದು ಬದಿ ಹೊಳೆ ಇನ್ನೊಂದು ಬದಿ ಕಡಲು, ಮಧ್ಯೆ ತೆಂಗಿನ ಮರ, ಮನೆ, ರೋಡು. ಹೊಳೆಯಿಂದ ಸಮುದ್ರಕ್ಕೆ ಎರಡು ಕಯಾಕ್ ಹೊತ್ತು ದಾಟಿಸ್ಬೇಕು ಅಂತ ನಮ್ಮಷ್ಟಕ್ಕೆ ಪ್ರಾಕ್ಟೀಸ್ ಇಟ್ಕೊಂಡದ್ದು. ಮೊದಲ ಸಲ ನಾಲ್ಕು ಜನ ಸೇರಿ ಒಂದು ದೋಣಿ ತಗೊಂಡು ಹೋದೆವು, ಇಟ್ಟು ವಾಪಸ್ ಬಂದು ಎರಡನೇದು ತಗೊಂಡು ಹೋದೆವು. ಹಗುರ ಆಯ್ತು ಅಂತ ಅನಿಸ್ತು. ಆಮೇಲೆ ಯೋಚನೆ ಮಾಡಿದ್ರೆ ಗೊತ್ತಾಗುದು, ಹೋಗಿ, ಬಂದು, ಮತ್ತೆ ಹೋಗಿ, ಅಂದ್ರೆ ಮೂರು ಪಟ್ಟು ನಡೆದಿದ್ದೇವೆ. ಮುನ್ನೂರು ಮೀಟರ್ ಆದ್ರೆ ಇದು ಗೊತ್ತಾಗುದಿಲ್ಲ, 5 ಕಿಲೋಮೀಟರ್ ಪೋರ್ಟೇಜ್ ಆದ್ರೆ 15 ಕಿಲೋಮೀಟರ್ ನಡಿಗೆ ಆಯ್ತು ಮಾರ್ರೆ, ಅದೂ ರಾತ್ರಿಯಲ್ಲಿ. ಅದಕ್ಕೇ ಟೀಮುಗಳು ಏನೇ ಆದ್ರೂ ಒಂದೇ ಸಲಕ್ಕೆ ಎಲ್ಲ ಸಾಗಿಸ್ಲಿಕ್ಕೆ ನೋಡುದು, ಒಂದು ದೋಣಿಗೆ ಇಬ್ರು, ಒಬ್ರು ಮುಂದೆ ಒಬ್ರು ಹಿಂದೆ. ಸಣ್ಣ ಚಕ್ರದ ಟ್ರಾಲಿ ಇದ್ರೆ ರೋಡಲ್ಲಿ ಸುಲಭ, ಆದ್ರೆ ಹೊಯಿಗೆಯಲ್ಲಿ, ಅಂದ್ರೆ ಮರಳಲ್ಲಿ, ಚಕ್ರ ಹೂತು ಹೋಗ್ತದೆ, ಕೆಸರಲ್ಲಿ ಕಲ್ಲಲ್ಲಿ ಅದು ಭಾರ ಮಾತ್ರ, ಮತ್ತೆ ಆ ಟ್ರಾಲಿಯನ್ನ ಉಳಿದ ನೀರಿನ ದಾರಿ ಪೂರ್ತಿ ದೋಣಿಯಲ್ಲಿ ಇಟ್ಕೊಂಡೇ ಹೋಗ್ಬೇಕು.

ಅವತ್ತು ಇನ್ನೊಂದು ತಪ್ಪು ಆಯ್ತು. ಸಮುದ್ರದ ಬದಿಗೆ ತಲುಪಿದ ಮೇಲೆ ನೋಡಿದ್ರೆ ನಾಲ್ಕು ಹುಟ್ಟಲ್ಲಿ ಮೂರೇ ಉಂಟು. ಒಂದು ಹೊಳೆ ದಡದಲ್ಲಿ ತೆಂಗಿನ ಮರಕ್ಕೆ ಒರಗಿಸಿ ಇಟ್ಟದ್ದು ಹಾಗೇ ಬಾಕಿ. ಓಡಿ ಹೋಗಿ ತಂದೆ, ಹತ್ತು ನಿಮಿಷ. ನಿದ್ದೆಗೆಟ್ಟ ಮೂರನೇ ರಾತ್ರಿ ಹೀಗೆ ಆದ್ರೆ, ಮತ್ತು ಅದು 8 ಕಿಲೋಮೀಟರ್ ಹಿಂದೆ ಬಾಕಿ ಆಗಿದ್ರೆ? ಅದಕ್ಕೆ ಈಗ ನಮ್ಮಲ್ಲಿ ಒಂದು ಕ್ರಮ ಉಂಟು, ದೋಣಿ ದಡ ಮುಟ್ಟಿದ ಕೂಡ್ಲೇ ಹುಟ್ಟು ದೋಣಿಯೊಳಗೆ, ಬಳ್ಳಿಯಲ್ಲಿ ಕಟ್ಟಿ, ಕೈಯಲ್ಲಿ ಹಿಡ್ಕೊಳ್ಳುದೇ ಇಲ್ಲ. ದೋಣಿಯೊಳಗಿನ ನೀರು ಪೂರ್ತಿ ಚೆಲ್ಲಿಯೇ ಎತ್ತುದು, ಯಾಕಂದ್ರೆ ಹತ್ತು ಲೀಟರ್ ನೀರು ಉಳಿದ್ರೆ ಹತ್ತು ಕೆಜಿ ಸುಮ್ನೆ ಹೊತ್ತ ಹಾಗೆ. ಲೈಫ್ ಜಾಕೆಟ್ ಬಿಚ್ಚುದಿಲ್ಲ, ಅದರ ಹೆಗಲ ಭಾಗ ಮೆತ್ತಗೆ ಇರ್ತದಲ್ಲ, ದೋಣಿಯ ಅಂಚು ಅದರ ಮೇಲೆ ಕೂರ್ತದೆ. ಇನ್ನೂರು ಹೆಜ್ಜೆ ಎಣಿಸಿ ಹೆಗಲು ಬದಲಾಯಿಸುದು, ನೋವು ಶುರುವಾದ ಮೇಲೆ ಅಲ್ಲ, ಮೊದಲೇ.

ಹೊರುವುದಕ್ಕೂ ವಿದ್ಯೆ ಉಂಟು ಅನ್ನುದು ನಮ್ಮೂರಿನವರಿಗೆ ಹೇಳಿಕೊಡ್ಬೇಕಾಗಿಲ್ಲ. ಮೀನಿನ ಬುಟ್ಟಿ ಹೊರುವ ಹೆಂಗಸರು ತಲೆ ಮೇಲೆ ಬಟ್ಟೆಯ ಸಿಂಬಿ ಇಟ್ಕೊಂಡು ಭಾರವನ್ನ ಕತ್ತಿಗೆ, ಬೆನ್ನೆಲುಬಿಗೆ ನೇರ ಇಳಿಸ್ತಾರೆ. ಕೆನಡಾ ಕಡೆಯ ತುಪ್ಪಳ ವ್ಯಾಪಾರದ ಕಾಲದಲ್ಲಿ ವಾಯಾಜರ್ ಅನ್ನುವ ದೋಣಿ ಕೆಲಸದವರು ಇದನ್ನೇ ಬೇರೆ ರೀತಿಯಲ್ಲಿ ಮಾಡ್ತಿದ್ರು, ಹಣೆಯ ಮೇಲ್ಗಡೆ ಚರ್ಮದ ಪಟ್ಟಿ, ಅದರಿಂದ ಬೆನ್ನ ಮೇಲೆ ಮೂಟೆ. ಒಂದು ಮೂಟೆ 90 ಪೌಂಡು ಅಂದ್ರೆ ಸುಮಾರು 41 ಕೆಜಿ, ಒಬ್ಬ ಒಂದು ಸಲಕ್ಕೆ ಎರಡು ಮೂಟೆ ಹೊರುದು ರೂಢಿ. ಸುಪೀರಿಯರ್ ಸರೋವರದ ದಡದಿಂದ ಪಿಜನ್ ನದಿಯ ಜಲಪಾತಗಳನ್ನ ತಪ್ಪಿಸಿ ಹೋಗುವ ಗ್ರ್ಯಾಂಡ್ ಪೋರ್ಟೇಜ್ ಅನ್ನುವ ದಾರಿ ಎಂಟೂವರೆ ಮೈಲಿ, ಹದಿಮೂರೂವರೆ ಕಿಲೋಮೀಟರಿಗಿಂತ ಜಾಸ್ತಿ. ಅವರು ದೂರವನ್ನ ಮೈಲಿಯಲ್ಲಿ ಅಳೀತಿರ್ಲಿಲ್ಲ, ಮೂಟೆ ಇಳಿಸಿ ಸುಧಾರಿಸಿಕೊಳ್ಳುವ ಜಾಗ ಎಷ್ಟು ಅಂತ ಎಣಿಸ್ತಿದ್ರು. ಇದು ನಂಗೆ ತುಂಬ ಇಷ್ಟ ಆದ ವಿಷಯ, ಯಾಕಂದ್ರೆ ಹೊತ್ತ ಮನುಷ್ಯನಿಗೆ ದೂರ ಅಂದ್ರೆ ಅದೇ, ಮುಂದಿನ ಸಲ ಎಲ್ಲಿ ಇಳಿಸ್ಬಹುದು ಅನ್ನುದು.

ರೇಸ್‌ಗಳಲ್ಲಿ ದೋಣಿ ಹೊರುದಕ್ಕೇ ಹೆಸರಾದ್ದು ದಕ್ಷಿಣ ಆಫ್ರಿಕಾದ ದುಸಿ. ಅದು ಅಡ್ವೆಂಚರ್ ರೇಸ್ ಅಲ್ಲ, ದೋಣಿ ಮ್ಯಾರಥಾನು, ಪೀಟರ್‌ಮಾರಿಟ್ಸ್‌ಬರ್ಗಿಂದ ಡರ್ಬನ್‌ಗೆ ಸುಮಾರು 120 ಕಿಲೋಮೀಟರ್, ಆದ್ರೆ ಪೋರ್ಟೇಜ್ ಕಲೀಬೇಕು ಅನ್ನುವವರು ಮೊದಲು ನೋಡ್ಬೇಕಾದ್ದು ಇದನ್ನೇ. 1951ರಲ್ಲಿ ಮೊದಲ ಸಲ ನಡೆದಾಗ ಎಂಟು ಜನ ಹೊರಟ್ರು, ಮುಟ್ಟಿದ್ದು ಒಬ್ಬನೇ, ಇಯಾನ್ ಪ್ಲೇಯರ್, 6 ದಿನ 8 ಗಂಟೆ 15 ನಿಮಿಷ ತಗೊಂಡು, ಮಧ್ಯದಲ್ಲಿ ಹಾವು ಬೇರೆ ಕಚ್ಚಿತ್ತು. ಆಮೇಲೆ ಬಿಳಿ ಘೇಂಡಾಮೃಗ ಉಳಿಸಿದ ಕೆಲಸಕ್ಕೆ ಹೆಸರಾದ ಮನುಷ್ಯ ಇವರೇ. ಈಗ ಅದು ಮೂರು ದಿನದ ರೇಸು. ಅದರಲ್ಲಿ ಮರವಂತೆಯಲ್ಲಿ ನಾನು ಕೇಳಿದ ಪ್ರಶ್ನೆಯೇ ಮತ್ತೆ ಮತ್ತೆ ಬರ್ತದೆ, ನದಿ ದೊಡ್ಡ ಸುತ್ತು ಹಾಕ್ತದೆ, ಗುಡ್ಡ ಹತ್ತಿ ಇಳಿದ್ರೆ ಹತ್ರ, ಹೋಗ್ತೀರಾ? ಬರ್ಮಾ ರೋಡ್ ಅಂತ ಹೆಸರಿರುವ ಒಂದು ಗುಡ್ಡ ಉಂಟು ಕೊನೆ ದಿನ, ಬಿಸಿಲಲ್ಲಿ ದೋಣಿ ಹೊತ್ತು ಓಡುದು. ಅಲ್ಲಿ ಗೆಲ್ಲುವವರು ಬರೀ ಹುಟ್ಟು ಹಾಕುವವರಲ್ಲ, ಗುಡ್ಡ ಓಡುವವರು.

ಟೆಕ್ಸಸ್ ವಾಟರ್ ಸಫಾರಿ ಅಂತ ಇನ್ನೊಂದು, 1963ರಿಂದ ನಡೀತಾ ಇರುದು, 260 ಮೈಲಿ, 100 ಗಂಟೆಯೊಳಗೆ ಮುಗಿಸ್ಬೇಕು. ಅಲ್ಲಿ ಅಣೆಕಟ್ಟು ಬಂದಲ್ಲೆಲ್ಲ ದೋಣಿ ಹೊರ್ಬೇಕು, ಸಮುದ್ರ ಹತ್ರ ಬಂದಾಗ ಹೊಳೆಯಲ್ಲಿ ತೇಲಿ ಬಂದ ಮರದ ದಿಮ್ಮಿಗಳು ಸಿಕ್ಕಿಕೊಂಡು ನೀರೇ ಕಾಣದ ಹಾಗೆ ಅಡ್ಡ ಕೂತಿರ್ತಾವೆ. ಎಡ ದಡ ಹತ್ತುದಾ ಬಲ ದಡವಾ ಅನ್ನುದನ್ನ ರಾತ್ರಿ ಟಾರ್ಚ್ ಬೆಳಕಲ್ಲಿ ತೀರ್ಮಾನ ಮಾಡ್ಬೇಕು, ತಪ್ಪಿದ್ರೆ ಪೊದೆಯೊಳಗೆ ದೋಣಿ ಎಳೆಯುದು. ಅಡ್ಡ ಬಿದ್ದ ಮರ ನೋಡ್ಲಿಕ್ಕೆ ಸಾಧು, ಆದ್ರೆ ಹರಿಯುವ ನೀರಲ್ಲಿ ಅದಕ್ಕಿಂತ ಅಪಾಯದ್ದು ಕಡಿಮೆ. ಟೀ ಸೋಸುವ ಜರಡಿ ಹಾಗೆ, ನೀರು ದಾಟಿ ಹೋಗ್ತದೆ, ಮನುಷ್ಯ ಸಿಕ್ಕಿ ಬೀಳ್ತಾನೆ, ಹಿಂದಿನ ನೀರು ಒತ್ತಿ ಹಿಡೀತದೆ.

ನಮ್ಮ ಕಡೆ ಇಂಥದೇ ಅಪಾಯ ಇರುವ ಜಾಗ ಕಿಂಡಿ ಅಣೆಕಟ್ಟು. ಉಡುಪಿ, ದಕ್ಷಿಣ ಕನ್ನಡದಲ್ಲಿ ಹೊಳೆ ಹೊಳೆಗೂ ಉಂಟು, ಮಳೆ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಹಾಕಿ ಸಿಹಿ ನೀರು ನಿಲ್ಲಿಸ್ತಾರೆ, ಉಪ್ಪು ನೀರು ಮೇಲೆ ಬಾರದ ಹಾಗೆ ತಡೀತಾರೆ, ಮಳೆಗಾಲಕ್ಕೆ ಮುಂಚೆ ತೆಗೀತಾರೆ. ಮಂಗಳೂರಿಗೆ ಕುಡಿಯುವ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿಂದ, ಉಡುಪಿಗೆ ಸ್ವರ್ಣೆಯ ಬಜೆಯಿಂದ. ಅಂದ್ರೆ ನಮ್ಮ ಯಾವ ಹೊಳೆಯಲ್ಲಿ ಉದ್ದಕ್ಕೆ ದೋಣಿ ಬಿಟ್ರೂ ಪೋರ್ಟೇಜ್ ತಪ್ಪಿದ್ದಲ್ಲ, ಮತ್ತೆ ಅದೇ ಹೊಳೆ ಜನವರಿಯಲ್ಲಿ ಒಂದು, ಜುಲೈಯಲ್ಲಿ ಇನ್ನೊಂದು. ಇಂಥ ಗಿಡ್ಡ ಕಟ್ಟೆಯ ಮೇಲಿಂದ ನೀರು ಸರಾಗ ಜಾರುದು ನೋಡಿದ್ರೆ ದೋಣಿಯಲ್ಲೇ ಜಾರಿ ಹೋಗ್ಬಹುದು ಅಂತ ಅನಿಸ್ತದೆ. ದಯವಿಟ್ಟು ಮಾಡ್ಬೇಡಿ. ಕೆಳಗೆ ಬಿದ್ದ ನೀರು ತಳಕ್ಕೆ ಹೋಗಿ, ಸ್ವಲ್ಪ ಮುಂದೆ ಮೇಲೆದ್ದು, ಮೇಲ್ಮೈಯಲ್ಲಿ ವಾಪಸ್ ಕಟ್ಟೆಯ ಬುಡಕ್ಕೇ ಹರೀತದೆ, ಗಿರಣಿ ಚಕ್ರದ ಹಾಗೆ ಒಂದೇ ಕಡೆ ಸುತ್ತುತ್ತಾ ಇರ್ತದೆ. ಅದರಲ್ಲಿ ಸಿಕ್ಕಿದ ದೋಣಿ, ಮರ, ಮನುಷ್ಯ ಎಲ್ಲ ಕಟ್ಟೆಯ ಬುಡಕ್ಕೆ ಹೋಗುದು, ಮುಳುಗುದು, ಏಳುದು, ಮತ್ತೆ ಬುಡಕ್ಕೆ. ಲೈಫ್ ಜಾಕೆಟ್ ಹಾಕಿದ್ರೂ ಬಿಡಿಸಿಕೊಳ್ಳುದು ಕಷ್ಟ. ಎತ್ತರ ಬರೀ ಎರಡು ಮೀಟರ್ ಇದ್ರೂ ಸಾಕು ಇದಕ್ಕೆ. ಕಟ್ಟೆಗೆ ದೂರದಲ್ಲೇ, ನೀರು ಎಳೀಲಿಕ್ಕೆ ಶುರು ಮಾಡುವ ಮೊದಲೇ ದಡ ಹಿಡೀಬೇಕು, ಸುತ್ತು ಬಂದ್ರೂ ಅಡ್ಡಿಲ್ಲ.

ಆಮೇಲೆ ಅಳಿವೆ. ಹೊಳೆ ಸಮುದ್ರ ಸೇರುವ ಬಾಯಿ. ಸಮುದ್ರದ ಪಕ್ಕ ನಡೆಯುವ ರೇಸಲ್ಲಿ ಉಬ್ಬರ ಇಳಿತದ ಪಟ್ಟಿ ಓದ್ಲಿಕ್ಕೆ ಬಾರದ ಟೀಮು ಅರ್ಧ ಸೋತ ಹಾಗೆ. ನಮ್ಮಲ್ಲಿ ನೀರು ಏರಿ ಇಳಿಯುದು ಒಂದು, ಒಂದೂವರೆ ಮೀಟರ್ ಅಷ್ಟೇ, ಏರ್ಲಿಕ್ಕೆ ಆರು ಗಂಟೆ ಚಿಲ್ಲರೆ, ಇಳೀಲಿಕ್ಕೆ ಅಷ್ಟೇ. ಆದ್ರೆ ಆರು ಗಂಟೆಯೂ ಒಂದೇ ವೇಗ ಅಲ್ಲ, ಅಂದಾಜಿಗೆ ಹನ್ನೆರಡು ಪಾಲು ಮಾಡಿದ್ರೆ ಮೊದಲ ಗಂಟೆ ಒಂದು ಪಾಲು, ಎರಡನೇದು ಎರಡು, ಮೂರನೇ ನಾಲ್ಕನೇ ಗಂಟೆಯಲ್ಲಿ ಮೂರು ಮೂರು, ಆಮೇಲೆ ಎರಡು, ಒಂದು. ಅಂದ್ರೆ ಮಧ್ಯದ ಎರಡು ಗಂಟೆಯಲ್ಲೇ ಅರ್ಧ ನೀರು ಓಡ್ತದೆ. ಆಗ ಎದುರಿಗೆ ಹುಟ್ಟು ಹಾಕುವವನು ಎಷ್ಟು ಬೆವರಿದ್ರೂ ಪಕ್ಕದ ತೆಂಗಿನ ಮರ ಹಿಂದೆ ಹೋಗುದಿಲ್ಲ. ಅದೇ ಹೊತ್ತಿಗೆ ದಡಕ್ಕೆ ಬಂದು ಮಲಗಿ ಎರಡು ಗಂಟೆ ನಿದ್ದೆ ಮಾಡಿದ ಟೀಮು ಆಮೇಲೆ ಹೊರಟು ಸುಲಭಕ್ಕೆ ದಾಟಿ ಹೋಗ್ತದೆ. ಇಳಿತದ ನೀರು ಹೊರಗೆ ಹೋಗುವಾಗ ಸಮುದ್ರದ ಅಲೆ ಒಳಗೆ ಬರ್ತಾ ಇದ್ರೆ ಎರಡೂ ಮುಖಾಮುಖಿ ಆಗಿ ಅಳಿವೆಯಲ್ಲಿ ಅಲೆ ನೆಟ್ಟಗೆ ಎದ್ದು ಒಡೀತದೆ, ದೊಡ್ಡ ಮೀನುಗಾರಿಕೆ ದೋಣಿಯವರೇ ಹೆದರುವ ಜಾಗ ಅದು. ಕೋಡಿಯಲ್ಲಿ ನಾವು ಹುಡುಗಾಟಿಕೆಯಲ್ಲಿ ಆ ಬದಿಗೆ ಹೊರಟಾಗ ಬಲೆ ಸರಿ ಮಾಡ್ತಾ ಕೂತಿದ್ದ ಅಜ್ಜ ಒಬ್ರು ಕೂಗಿ ಹೇಳಿದ್ರು, "ಹ್ವಾಯ್, ನೀರ್ ಇಳುಕ್ ಶುರುವಾಯ್ತ್, ಅಳ್ವಿ ಬದಿಗ್ ಹೋಯ್ಬೇಡಿ." ವಾಚ್ ನೋಡ್ಲಿಲ್ಲ, ಪಟ್ಟಿ ನೋಡ್ಲಿಲ್ಲ, ದಡದ ಒದ್ದೆ ಗುರುತು ನೋಡಿ ಹೇಳಿದ್ದು. ನಾವು ತಿರುಗಿ ಬಂದೆವು. ಹೊಸ ಊರಿಗೆ ರೇಸಿಗೆ ಹೋದವರು ದೋಣಿ ಇಳಿಸುವ ಮೊದಲು ಅಲ್ಲಿನ ಕಡವಿನವರನ್ನ, ಮೀನಿನವರನ್ನ ಮಾತಾಡಿಸ್ಬೇಕು ಅಂತ ನಾನು ಹೇಳುದು ಇದಕ್ಕೇ.

ನದಿ ದಾಟುದಕ್ಕೂ ಕಡವಿನವರೇ ಗುರು. ಹರಿಯುವ ಹೊಳೆಯಲ್ಲಿ ಎದುರು ದಡಕ್ಕೆ ಮೂತಿ ಇಟ್ಟು ಹೊರಟ್ರೆ ಎಲ್ಲೋ ಕೆಳಗೆ ಹೋಗಿ ಮುಟ್ತೀರಿ. ಮೂತಿಯನ್ನ ನೀರು ಬರುವ ಕಡೆಗೆ ಓರೆ ಇಟ್ಟು ಹುಟ್ಟು ಹಾಕ್ಬೇಕು, ನೀರೇ ದೋಣಿಯನ್ನ ಅಡ್ಡಕ್ಕೆ ದೂಡ್ತದೆ. ನ್ಯೂಜಿಲೆಂಡಿನ ಕೋಸ್ಟ್ ಟು ಕೋಸ್ಟ್ ಅಂತ 1983ರಲ್ಲಿ ಶುರುವಾದ 243 ಕಿಲೋಮೀಟರ್ ರೇಸಲ್ಲಿ ವೈಮಕರೀರಿ ನದಿಯಲ್ಲಿ ಸುಮಾರು 70 ಕಿಲೋಮೀಟರ್ ಕಯಾಕ್ ಉಂಟು, ಆ ನದಿ ಜಡೆ ಹಾಕಿದ ಹಾಗೆ ಹತ್ತಾರು ಕವಲಾಗಿ ಹರೀತದೆ. ನೀರು ಜಾಸ್ತಿ ಇರುವ ಕವಲು ಹಿಡಿದವರು ತೇಲಿ ಹೋಗ್ತಾರೆ, ತಪ್ಪಿದವರು ಕಲ್ಲಿನ ಮೇಲೆ ದೋಣಿ ಎಳೀತಾರೆ.

ಹುಟ್ಟು ಹಾಕುದು ಕೈಯಿಂದ ಅಂತ ಎಲ್ರೂ ತಿಳ್ಕೊಂಡಿದ್ದಾರೆ, ಅಲ್ಲ, ಸೊಂಟ ತಿರುಗಿಸಿ ಬೆನ್ನಿಂದ ಹಾಕುದು, ಕೈ ಬರೀ ಕೊಂಡಿ. ಕೈಯಿಂದ ಹಾಕಿದವರಿಗೆ ಎರಡು ಗಂಟೆಗೆ ಹೆಗಲು ಹೋಗ್ತದೆ, ಆಮೇಲೆ ಅದೇ ಹೆಗಲ ಮೇಲೆ ದೋಣಿ ಹೊರ್ಬೇಕಲ್ಲ.

ಫಿಜಿಯಲ್ಲಿ 2019ರಲ್ಲಿ ಆದ ಇಕೋ ಚಾಲೆಂಜ್ ನೋಡಿದವರಿಗೆ ದಡದ ಕೆಲಸ ಎಷ್ಟು ಮುಖ್ಯ ಅನ್ನುದು ನೆನಪಿರ್ಬಹುದು, 30 ದೇಶದ 66 ಟೀಮು, 671 ಕಿಲೋಮೀಟರ್, ಡೆಹ್ರಾಡೂನಿನ ಅವಳಿ ಅಕ್ಕತಂಗಿ ತಾಶಿ, ನುಂಗ್ಶಿ ಮಲಿಕ್ ಅವರ ಖುಕುರಿ ವಾರಿಯರ್ಸ್ ನಮ್ಮ ದೇಶದ ಟೀಮು. ಅಲ್ಲಿ ಕಯಾಕ್ ಅಲ್ಲ, ಆ ಊರಿನ ಹಾಯಿ ದೋಣಿ ಥಮಕಾವ್, ಬಿದಿರಿನ ತೆಪ್ಪ ಬಿಲಿಬಿಲಿ. ಬಿದಿರನ್ನ ಸಡಿಲ ಕಟ್ಟಿದ್ರೆ ನಡುನೀರಲ್ಲಿ ತೆಪ್ಪ ಬಿಚ್ಚಿಕೊಳ್ತದೆ. ಅಂಥಲ್ಲಿ ದಡದಲ್ಲಿ ಗಂಟು ಹಾಕ್ಲಿಕ್ಕೆ ಕೊಟ್ಟ ಅರ್ಧ ಗಂಟೆ ನೀರಲ್ಲಿ ಮೂರು ಗಂಟೆ ಉಳಿಸ್ತದೆ.

ಕೊನೆಯದಾಗಿ ಒಂದು ವಿಷಯ, ನಮ್ಮ ಊರಿಗೆ ತುಂಬ ಹತ್ರದ್ದು. 2000ದಲ್ಲಿ ಬೋರ್ನಿಯೊದ ಸಬಾದಲ್ಲಿ ಇಕೋ ಚಾಲೆಂಜ್ ಆಯ್ತು, 304 ಜನ ಸ್ಪರ್ಧಿಗಳು. ಮನೆಗೆ ಹೋದ ಮೇಲೆ ಒಬ್ಬೊಬ್ರಿಗೇ ಜ್ವರ, ತಲೆನೋವು, ಮೈಕೈ ನೋವು. ಆರೋಗ್ಯ ಇಲಾಖೆಯವರು 189 ಜನರನ್ನ ವಿಚಾರಿಸಿದಾಗ 80 ಜನರಿಗೆ ರೋಗದ ಲಕ್ಷಣ ಇತ್ತು, 29 ಜನ ಆಸ್ಪತ್ರೆ ಸೇರಿದ್ರು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅದು ಲೆಪ್ಟೋಸ್ಪೈರೋಸಿಸ್, ನಾವು ಇಲಿ ಜ್ವರ ಅನ್ನುದು. ಸೆಗಾಮಾ ನದಿಯಲ್ಲಿ ಈಜಿದವರಿಗೆ ಹೆಚ್ಚಾಗಿ ಬಂದದ್ದು. ನಮ್ಮಲ್ಲಿ ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ, ತೋಟದಲ್ಲಿ ಕೆಲಸ ಮಾಡುವವರಿಗೆ ಪ್ರತಿ ವರ್ಷ ಬರುವ ಅದೇ ಜ್ವರ. ಇಲಿ, ದನದ ಮೂತ್ರ ಸೇರಿದ ನೀರು, ಕಾಲಲ್ಲಿ ಸಣ್ಣ ಗಾಯ, ಅಷ್ಟು ಸಾಕು. ಈಗ ಯೋಚನೆ ಮಾಡಿ, ಪೋರ್ಟೇಜಲ್ಲಿ ಎಂತ ಆಗ್ತದೆ? ಗಂಟೆಗಟ್ಟಲೆ ಒದ್ದೆಯಾಗಿ ಮೆತ್ತಗಾದ ಕಾಲಿನ ಚರ್ಮ, ಅದರಲ್ಲಿ ಹೊಯಿಗೆ, ಶೂ ಒಳಗೆ ಉಜ್ಜಿ ಗಾಯ, ಮತ್ತೆ ಅದೇ ಕಾಲು ಕೆಸರು ನೀರಿಗೆ. ಬೋರ್ನಿಯೊದಲ್ಲಿ ಮೊದಲೇ ಡಾಕ್ಸಿಸೈಕ್ಲಿನ್ ತಗೊಂಡವರಿಗೆ ಕಾಯಿಲೆ ಕಡಿಮೆ ಇತ್ತು ಅಂತ ಕಂಡಿತ್ತು, ಆದ್ರೆ ಮಾತ್ರೆ ವಿಷಯ ಡಾಕ್ಟರ್ ಹತ್ರ ಕೇಳಿಯೇ. ನೀರಿಗೆ ಇಳಿದು ಬಂದ ಎರಡು ಮೂರು ವಾರದಲ್ಲಿ ಜ್ವರ ಬಂದ್ರೆ ಹೊಳೆಯಲ್ಲಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಅವರು ಕೇಳುವ ತನಕ ಕಾಯ್ಬೇಡಿ.

ನಾವು ಈಗ ಕಾಲಿಗೆ ಹೊರಡುವ ಮೊದಲು ವ್ಯಾಸಲೀನ್ ಹಚ್ಚುದು, ದಡಕ್ಕೆ ಬಂದ್ರೆ ಶೂ ಬಿಚ್ಚಿ ಹೊಯಿಗೆ ಕೊಡವಿಯೇ ದೋಣಿ ಎತ್ತುದು. ಒಂದು ನಿಮಿಷ ಹೋಗ್ತದೆ, ಹೋಗ್ಲಿ. ಕಳೆದ ಸಲ ಕೋಡಿಯಲ್ಲಿ ಒಂದು ದೋಣಿಗೆ ಇಬ್ರಂತೆ, ನಾಲ್ಕು ಹುಟ್ಟೂ ಒಳಗೆ ಕಟ್ಟಿ, ಇನ್ನೂರು ಹೆಜ್ಜೆಗೊಮ್ಮೆ ಹೆಗಲು ಬದಲಾಯಿಸಿ ಒಂದೇ ಸಲಕ್ಕೆ ದಾಟಿದೆವು. ಮೊದಲ ಸಲ ಮೂವತ್ತೈದು ನಿಮಿಷ ತಗೊಂಡದ್ದು, ಈ ಸಲ ಹನ್ನೊಂದು. ಡಿಸೆಂಬರಲ್ಲಿ ಕಿಂಡಿಗಳಿಗೆ ಹಲಗೆ ಬಿದ್ದ ಮೇಲೆ ಸ್ವರ್ಣೆಯಲ್ಲಿ ಮೇಲಿಂದ ಹೊರಟು ಕಟ್ಟೆ ಕಟ್ಟೆಗೂ ಹೊತ್ತು ದಾಟಿಸಿ ಕೋಡಿ ತನಕ ಬರುದು ಅಂತ ಉಂಟು, ಎಲ್ಲೆಲ್ಲಿ ಇಳೀಬಹುದು ಅಂತ ಭಾನುವಾರಗಳಲ್ಲಿ ಬೈಕಲ್ಲಿ ದಡ ನೋಡ್ಕೊಂಡು ಬರ್ತಾ ಇದ್ದೇವೆ.